ಒಡೆಯುವ ಮನೆಗೆ ಪೇಂಟಿಂಗ್ ದುಡ್ಡು: ಬೆಂಗಳೂರು ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬೆಂಗಳೂರು ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ ಸರ್. ನಾನು ಹೊಂಗಸಂದ್ರದಲ್ಲಿ ಬ್ಲೌಸ್ ಹೊಲಿಯುವವಳು. ಸೀರೆಗೆ ಫಾಲ್ಸ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ. ಯಜಮಾನರು ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಆಪರೇಟರ್. ಚನ್ನರಾಯಪಟ್ಟಣದ ಕಡೆಯಿಂದ ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ಈಗಿರುವುದು ಆರನೇ ಮನೆ. ಪ್ರತಿ ಸಲವೂ ಸಾಮಾನು ಒಂದು ಟಾಟಾ ಏಸ್‌ನಲ್ಲಿ ಬಂದುಬಿಡುತ್ತದೆ. ಗಿರಾಕಿಗಳು ಬರೋದಿಲ್ಲ.

ಇಷ್ಟು ವರ್ಷ ಸುಮ್ನಿದ್ದೆ. ಈಗ ಬರೆಯುತ್ತಿರುವುದು ಒಂದು ಚೀಟಿಯ ದೆಸೆಯಿಂದ. ಅದರಲ್ಲಿ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿದೆ: ಅಡ್ವಾನ್ಸ್ 80,000, ಪೇಂಟಿಂಗ್ 8,500, ಕ್ಲೀನಿಂಗ್ 1,000, ಬಾಕಿ 70,500.

ಅದರ ಕಥೆ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೋ ಶುರುವಾಯಿತು. ನಮಗೂ ಖುಷಿ. ಯಜಮಾನರಿಗೆ ಹೊಸೂರು ರಸ್ತೆಯ ಜಾಮ್ ತಪ್ಪಿತು. ದಸರಾ ಮುಗಿದ ಮೇಲೆ ಓನರ್ ಬಂದರು. "ಮೆಟ್ರೋ ಬಂತಲ್ಲಮ್ಮ, ಇದನ್ನ ಒಡೆದು ಪಿಜಿ ಕಟ್ಟಿಸ್ತೀನಿ, ಬೇರೆ ಮನೆ ನೋಡ್ಕೊಳ್ಳಿ" ಅಂದರು. ಪಿಜಿ ಅಂದರೆ ಒಬ್ಬೊಬ್ಬರಾಗಿ ಬರುವವರಿಗೆ ಹಾಸ್ಟೆಲ್ ಥರ, ಸಂಸಾರಕ್ಕಲ್ಲ. ನಾವಿದ್ದದ್ದು ಥರ್ಟಿ-ಫಾರ್ಟಿ ಸೈಟು. ಕೆಳಗೆ ಎರಡು ಪೋರ್ಷನ್, ಮೇಲೆ ಎರಡು, ಟೆರೇಸ್ ಮೇಲೊಂದು ಶೀಟ್ ಮನೆ. ಒಟ್ಟು ಐದು ಸಂಸಾರ. ಐದಕ್ಕೂ ಅದೇ ಮಾತು.

ಖಾಲಿ ಮಾಡುವ ದಿನ ಲೆಕ್ಕಕ್ಕೆ ಕೂತೆವು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದಿದ್ದರು. "ಒಡೆಯೋ ಮನೆಗೆ ಯಾವ ಬಣ್ಣ ಹೊಡೆಸ್ತೀರಾ ಅಣ್ಣ?" ಅಂತ ಕೇಳಿದೆ. ನಗಲೂ ಇಲ್ಲ ಆ ಮನುಷ್ಯ. "ಅದು ರೂಲ್ಸ್ ಅಮ್ಮ, ಎಲ್ಲರಿಗೂ ಹಿಡಿಯೋದೇ" ಅಂದರು. ಐದೂ ಮನೆಯವರಿಂದ ಹಿಡಿದರು. ಶೀಟ್ ಮನೆಯ ಗೋಡೆ ಮೊದಲಿನಿಂದಲೂ ಬರೀ ಸಿಮೆಂಟು, ಬಣ್ಣವನ್ನೇ ಕಂಡಿರಲಿಲ್ಲ. ಅವರಿಂದಲೂ ಹಿಡಿದರು! ಮೂರನೇ ದಿನ ಜೆಸಿಬಿ ಬಂತು. ನನ್ನ ಹೊಲಿಗೆ ಮೆಷಿನ್ ಪಕ್ಕದ ಗೋಡೆಯಲ್ಲಿ ಪೆನ್ಸಿಲ್‌ನಿಂದ ಗಿರಾಕಿಗಳ ಅಳತೆ ಬರೆದಿಟ್ಟಿದ್ದೆ. ಪುಸ್ತಕಕ್ಕೆ ಇಳಿಸಿಕೊಳ್ಳೋಣ ಅಂತ ಹೋದರೆ ಗೋಡೆಯೇ ಇಲ್ಲ.

ಈಗ ಅಲ್ಲಿ ಆರನೇ ಮಹಡಿಯ ಸೆಂಟ್ರಿಂಗ್ ನಡೆಯುತ್ತಿದೆ. ಪಕ್ಕದ ಮನೆಯ ಕಿಟಕಿ ತೆಗೆದರೆ ಇವರ ಗೋಡೆ ತಾಗುತ್ತದೆ. ಕಟ್ಟಡದ ಸುತ್ತ ಜಾಗ ಬಿಡಬೇಕು ಅನ್ನೋ ಸೆಟ್‌ಬ್ಯಾಕ್ ನಿಯಮ ತಮಗೆ ಗೊತ್ತೇ ಇರುತ್ತದೆ, ನಾನು ಹೇಳಿಕೊಡಬೇಕಾಗಿಲ್ಲ. ಅಷ್ಟು ಮಹಡಿಗೆ ಪ್ಲಾನ್ ಯಾರು ಕೊಟ್ಟರು ಅಂತಲೂ ಕೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅಷ್ಟು ಮಹಡಿ ಏರಿದರೂ ಒಂದು ಸಂಸಾರಕ್ಕೂ ಅಲ್ಲಿ ಜಾಗ ಯಾಕಿಲ್ಲ?

ನನ್ನ ಮಗಳು ಬಿ.ಕಾಂ. ಓದುತ್ತಾಳೆ. ಅವಳು ಹುಡುಕಿ ತೆಗೆದಳು. ಬೆಂಗಳೂರು ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನ್ ಮೇಲೆ. ಅದರ ಹೆಸರಲ್ಲೇ 2015 ಅಂತಿದೆ. 2031ರ ಪ್ಲಾನಿನ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಹತ್ತು ವರ್ಷಕ್ಕೊಮ್ಮೆ ಪ್ಲಾನ್ ಪರಿಷ್ಕರಿಸಬೇಕು ಅಂತ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತದೆ. ಸರ್, 2007ರ ಅಳತೆಗೆ ನಾನು ಈಗ ಬ್ಲೌಸ್ ಹೊಲಿದು ಕೊಟ್ಟರೆ ಗಿರಾಕಿ ನನ್ನ ಮುಖದ ಮೇಲೆ ಎಸೆಯುತ್ತಾಳೆ.

ಹಾಗಂತ ನಿಯಮ ಬದಲಾಗಿಲ್ಲ ಅನ್ನೋ ಹಾಗಿಲ್ಲ. ಬೇಕಾದವರಿಗೆ ಬೇಗಬೇಗನೆ ಬದಲಾಗುತ್ತದೆ. ಪ್ರೀಮಿಯಂ ಎಫ್‌ಎಆರ್ ಬಂತು. ಎಫ್‌ಎಆರ್ ಅಂದರೆ ಸೈಟಿನ ಅಳತೆಗೆ ಒಟ್ಟು ಎಷ್ಟು ಚದರಡಿ ಕಟ್ಟಬಹುದು ಅನ್ನೋ ಲೆಕ್ಕ. ಸರ್ಕಾರಕ್ಕೆ ದುಡ್ಡು ಕೊಟ್ಟರೆ ಅದಕ್ಕಿಂತ ಜಾಸ್ತಿ ಕಟ್ಟಬಹುದು. ಮೆಟ್ರೋ ಅಕ್ಕಪಕ್ಕ ಒತ್ತಾಗಿ ಬೆಳೆಯಲಿ ಅಂತ 2022ರಲ್ಲಿ ನೀತಿ ಬಂತು. 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿಯಿಂದ, ಅಂದರೆ ಕಟ್ಟಡ ವಾಸಕ್ಕೆ ಸರಿಯಿದೆ ಅನ್ನೋ ಪ್ರಮಾಣಪತ್ರದಿಂದ, ವಿನಾಯಿತಿ ಅಂತ 2025ರಲ್ಲಿ ಆಯಿತು. ಓಸಿ ಇಲ್ಲ ಅಂತ ಕರೆಂಟ್ ಸಿಗದೆ ಒದ್ದಾಡುತ್ತಿದ್ದವರಿಗೆ ಅದರಿಂದ ಒಳ್ಳೆಯದೇ ಆಯಿತು, ಬೇಡ ಅನ್ನೋದಿಲ್ಲ. ಆದರೆ ಇಷ್ಟೆಲ್ಲ ಬರೆದವರಿಗೆ ಬಾಡಿಗೆ ಮನೆಯಲ್ಲಿರುವವರ ನೆನಪು ಒಂದು ಸಾಲಿನಷ್ಟೂ ಬರಲಿಲ್ಲವಾ?

ನಾನು ಕೇಳುವುದು ಆ ಒಂದು ಸಾಲು. ಮೆಟ್ರೋ ಹತ್ತಿರ ಯಾರಿಗೆ ಹೆಚ್ಚುವರಿ ಎಫ್‌ಎಆರ್ ಕೊಡುತ್ತೀರೋ ಅವರು ಅದರಲ್ಲೊಂದು ಪಾಲು ಸಣ್ಣ ಬಾಡಿಗೆ ಮನೆ ಕಟ್ಟಲೇಬೇಕು. ರೂಮು, ಕಿಚನ್, ಬಚ್ಚಲು, ಅಷ್ಟು ಸಾಕು. ಬಾಡಿಗೆಗೆ ಮಿತಿ ಇರಲಿ. ಇದನ್ನು ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ವಲಯ ನಿಯಮದಲ್ಲೇ ಬರೆಯಿರಿ. ಭಾಷಣದಲ್ಲಿ ಬೇಡ, ನಿಯಮದಲ್ಲಿ.

ಮುಖ್ಯಮಂತ್ರಿಗಳ ಒಂದು ಲಕ್ಷ ಮನೆ ಯೋಜನೆ ಇದೆಯಲ್ಲ ಅನ್ನಬಹುದು. ಅದು ಕೊಂಡುಕೊಳ್ಳುವ ಮನೆ ಸರ್. ನಮ್ಮ ಪಾಲು ಕಟ್ಟಬೇಕು, ಉಳಿದದ್ದಕ್ಕೆ ಬ್ಯಾಂಕಿಗೆ ಹೋಗಬೇಕು. ನನ್ನ ದುಡಿಮೆಗೆ ಯಾವ ಬ್ಯಾಂಕಿನವರು ಸಂಬಳದ ಸ್ಲಿಪ್ ಇಲ್ಲದೆ ಸಾಲ ಕೊಡುತ್ತಾರೆ? ಆ ಮನೆಗಳು ಜಾಸ್ತಿ ಏಳುತ್ತಿರುವುದು ಊರಿನ ಅಂಚಿನಲ್ಲಿ. ಅಲ್ಲಿಂದ ಯಜಮಾನರು ಮೊದಲ ಶಿಫ್ಟಿಗೆ ಹೊರಡಬೇಕಂದ್ರೆ ರಾತ್ರಿಯೇ ಎದ್ದಿರಬೇಕು.

ಸ್ಟೇಷನ್ ಹತ್ತಿರ ಹೊಸ ಅಪಾರ್ಟ್‌ಮೆಂಟಿನ ಹೋರ್ಡಿಂಗ್ ಬಿದ್ದಿದೆ. ಎರಡು ಬೆಡ್‌ರೂಮಿಗೆ ಒಂದು ಕೋಟಿ ಚಿಲ್ಲರೆ. ಚಿಲ್ಲರೆ ಎಷ್ಟು ಅಂತ ಬರೆದಿಲ್ಲ, ಆ ಚಿಲ್ಲರೆಯೇ ನಮ್ಮ ಜೀವಮಾನದ ದುಡಿಮೆ ಇರಬಹುದು. ಅಲ್ಲಿ ಮನೆ ತಗೊಳ್ಳುವವರಿಗೆ ಅಡುಗೆಯವರು ಬೇಕು, ಸೆಕ್ಯುರಿಟಿ ಬೇಕು, ಫಾಲ್ಸ್ ಹಾಕುವವರೂ ಬೇಕು. ನಾವೆಲ್ಲ ಎಲ್ಲಿಂದ ಬರಬೇಕು ಸರ್? ಮೆಟ್ರೋ ಪಿಲ್ಲರ್ ಕೆಳಗೆ ಮಲಗಿರೋಣವಾ?

ಕೋಪದಲ್ಲಿ ಮಾತು ಜಾಸ್ತಿ ಆಯಿತು, ಕ್ಷಮಿಸಿ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆ ಆಗಿವೆ. ಹೊಸ ಮಾಸ್ಟರ್ ಪ್ಲಾನ್ ಇವತ್ತಲ್ಲ ನಾಳೆ ಬರೆಯಲೇಬೇಕು. ಅದರಲ್ಲಿ ಆ ಸಾಲು ಇರಲಿ: ಹೆಚ್ಚು ಎಫ್‌ಎಆರ್ ಪಡೆದವರು ಸಣ್ಣ ಬಾಡಿಗೆ ಮನೆ ಕಟ್ಟಬೇಕು. ಥರ್ಟಿ-ಫಾರ್ಟಿಯಲ್ಲಿ ನಾಲ್ಕೈದು ಸಂಸಾರಕ್ಕೆ ಗಾಳಿ-ಬೆಳಕು ಬರುವ ಹಾಗೆ ಮನೆ ಕಟ್ಟಿ ಬಾಡಿಗೆಗೆ ಕೊಡುವ ಓನರಿಗೂ ಏನಾದರೂ ರಿಯಾಯಿತಿ ಕೊಡಿ. ಆಗಲಾದರೂ ಪಿಜಿಯೇ ಲಾಭ ಅನ್ನೋದು ನಿಲ್ಲಬಹುದು.

ಆದಷ್ಟು ಬೇಗ ಬರೆಯಿರಿ. ಈಗಿನ ಮನೆಗೆ 13,000 ಬಾಡಿಗೆ ಕೊಡುತ್ತಿದ್ದೇವೆ. ನಿನ್ನೆ ಮಧ್ಯಾಹ್ನ ಇಲ್ಲಿನ ಓನರ್ ಯಾರನ್ನೋ ಕರೆದುಕೊಂಡು ಬಂದು, ಗೇಟಿನಿಂದ ಹಿಂದಿನ ಕಾಂಪೌಂಡ್‌ವರೆಗೆ ಟೇಪ್ ಹಿಡಿಸುತ್ತಿದ್ದರು. ಏನಣ್ಣ ಅಂದೆ. "ಸುಮ್ನೆ ಅಮ್ಮ" ಅಂದರು.

ಇಂತಿ,
ಹೊಂಗಸಂದ್ರದ ಒಬ್ಬ ಬಾಡಿಗೆದಾರಳು