ಒತ್ತಡದ ಚರ್ಮಕ್ಕೆ ಗಿಡಮೂಲಿಕೆ: ಪ್ರಮಾಣವೆಷ್ಟು?

ಮಾನ್ಯ ಸಂಪಾದಕರೇ,

ಒತ್ತಡದಿಂದ ಕಳೆಗುಂದಿದ ಚರ್ಮಕ್ಕೆ ‘ಅಡಾಪ್ಟೋಜೆನ್’ (ಒತ್ತಡ ತಾಳಲು ದೇಹಕ್ಕೆ ನೆರವಾಗುತ್ತವೆ ಎನ್ನಲಾಗುವ) ಗಿಡಮೂಲಿಕೆಗಳ ಕ್ರೀಮೇ ಮದ್ದು ಎಂಬ ಜಾಹೀರಾತುಗಳು ಹೆಚ್ಚುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಒತ್ತಡಕ್ಕೂ ಚರ್ಮಕ್ಕೂ ನಂಟಿರುವುದು ನಿಜ. ಒತ್ತಡದಲ್ಲಿ ದೇಹ ಸ್ರವಿಸುವ ಕಾರ್ಟಿಸೋಲ್ ಹಾರ್ಮೋನಿನ ಮಟ್ಟ ದೀರ್ಘಕಾಲ ಏರಿಯೇ ಇದ್ದರೆ ಚರ್ಮದ ಹೊರಪದರವು ತೇವವನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಮೊಡವೆ ಮತ್ತು ಇಸುಬು ಉಲ್ಬಣಿಸಬಹುದು. ಆದರೆ ಅಶ್ವಗಂಧ ಒತ್ತಡ ತಗ್ಗಿಸುತ್ತದೆ ಎನ್ನುವ ಅಧ್ಯಯನಗಳಲ್ಲಿ ಬಹುಪಾಲು ಅದನ್ನು ಸೇವಿಸಿದವರ ಮೇಲೆ ನಡೆದವು. ಆ ಫಲಿತಾಂಶವನ್ನು ಮುಖಕ್ಕೆ ಹಚ್ಚುವ ಲೇಪನಕ್ಕೆ ಆರೋಪಿಸುವುದು ಸರಿಯಲ್ಲ. ಒಂದೆಲಗದ ಮಾತು ತುಸು ಬೇರೆ: ಅದರಲ್ಲಿರುವ ಏಷಿಯಾಟಿಕೋಸೈಡ್‌ನಂಥ ಅಂಶಗಳು ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಉತ್ಪತ್ತಿಗೆ ನೆರವಾಗುತ್ತವೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿದೆ.

ನಾನು ಕೊಂಡ ಡಬ್ಬಿಯೊಂದರ ಮುಂಭಾಗದಲ್ಲಿ ಅಶ್ವಗಂಧದ ಬೇರಿನ ಚಿತ್ರವೇ ರಾರಾಜಿಸುತ್ತಿತ್ತು. ಹಿಂಬದಿಯ ಪಟ್ಟಿಯಲ್ಲಿ ಮಾತ್ರ ಅದರ ಹೆಸರು ಸುಗಂಧದ್ರವ್ಯ, ಸಂರಕ್ಷಕಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಇತ್ತು. ಸಾಮಾನ್ಯವಾಗಿ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸುವುದರಿಂದ (ಶೇ 1ಕ್ಕಿಂತ ಕಡಿಮೆ ಇರುವವಕ್ಕೆ ಈ ಕ್ರಮ ಕಡ್ಡಾಯವಲ್ಲ) ಕೊನೆಯ ಸ್ಥಾನವೇ ಬಹಳಷ್ಟನ್ನು ಹೇಳುತ್ತದೆ. ಮೊದಲೇ ಕೆರಳಿದ ಚರ್ಮಕ್ಕೆ ಆ ಸುಗಂಧವೇ ಉರಿ ತರಬಹುದು. ತಯಾರಕರು ಮೂಲಿಕೆಯ ಸಾರದ ಶೇಕಡಾವಾರು ಪ್ರಮಾಣವನ್ನು ಡಬ್ಬಿಯ ಮುಂಭಾಗದಲ್ಲೇ, ಚಿತ್ರದ ಪಕ್ಕದಲ್ಲಿ, ಮುದ್ರಿಸಲಿ.

– ಓರ್ವ ಓದುಗಿ