ಸೊಂಟಮಟ್ಟದ ಕಡಲಿನಿಂದ ಒಂದು ಪತ್ರ

ಮಾರ್ಸಾಲಾ, ಸಿಸಿಲಿ
ಭಾನುವಾರ ರಾತ್ರಿ

ಗೆಳೆಯಾ,

ದೊಡ್ಡ ಗಾಳಿಪಟ ಎಳೆಯುವ ಬೋರ್ಡಿನ ಮೇಲೆ ನಿಂತು ನೀರಲ್ಲಿ ಓಡುವ ನಮ್ಮ ಕೈಟ್‌ಸರ್ಫಿಂಗ್ ಹುಚ್ಚಿನ ಬಗ್ಗೆ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಹೊಸಬರಿಗೆ ಒಂದು ಬೀಚ್, ಪಳಗಿದವರಿಗೆ ಇನ್ನೊಂದು ಬೀಚ್ ಅಂತಾರೆ. ನಡುವೆ ಸಿಕ್ಕಿಹಾಕಿಕೊಂಡ ನಮ್ಮಂಥವರು ಎಲ್ಲಿಗೆ ಹೋಗಬೇಕು ಮಾರಾಯ?" ಅಂದೆಯಲ್ಲ, ಇಲ್ಲಿಗೆ ಬಾ. ಉತ್ತರ ಅಷ್ಟೇ. ಕಾರಣ ಹೇಳದಿದ್ದರೆ ನೀನು ನಂಬುವ ಆಸಾಮಿಯಲ್ಲ, ಅದಕ್ಕೇ ಈ ಪತ್ರ.

ನಮ್ಮಂಥವರು ಅಂದರೆ ಯಾರು, ಮೊದಲು ಅದನ್ನು ಒಪ್ಪಿಕೊಳ್ಳೋಣ. ಬೋರ್ಡ್ ಮೇಲೆ ಎದ್ದು ನಿಲ್ಲುತ್ತೇವೆ. ಎಡಕ್ಕೂ ಹೋಗುತ್ತೇವೆ, ಬಲಕ್ಕೂ ಹೋಗುತ್ತೇವೆ. ಫೋಟೋದಲ್ಲಿ ಭಾರೀ ಕಾಣುತ್ತೇವೆ. ಹೊರಟ ಜಾಗಕ್ಕೆ ವಾಪಸ್ ಬರಲು ಮಾತ್ರ ಆಗುವುದಿಲ್ಲ. ಗಾಳಿ ತಳ್ಳಿದ ಕಡೆ ಅರ್ಧ ಕಿಲೋಮೀಟರ್ ಕೆಳಗೆ ದಡ ಸೇರಿ, ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು, ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿ, ಮರಳಲ್ಲಿ ಕಾಲೆಳೆಯುತ್ತಾ ಬರುತ್ತೇವೆ. ಹಾಲೆಂಡಿನ ಆ ಕಡಲಲ್ಲಿ ಎರಡು ಬೇಸಿಗೆ ನಾವು ಓಡಿಸಿದ್ದಕ್ಕಿಂತ ನಡೆದದ್ದೇ ಜಾಸ್ತಿ, ಅಲ್ವಾ? ಐದು ಜನಕ್ಕೆ ಒಂದೇ ಕೈಟ್ ಕೊಟ್ಟು ಕಲಿಸಿದವರನ್ನು ನಾನು ಈಗಲೂ ಬೈದುಕೊಳ್ಳುತ್ತೇನೆ.

ಈ ಜಾಗದ ಹೆಸರು ಲೋ ಸ್ತಾನ್ಯೋನೆ. ಸಿಸಿಲಿಯ ಪಶ್ಚಿಮ ತುದಿಯಲ್ಲಿ, ಮಾರ್ಸಾಲಾ ಮತ್ತು ತ್ರಾಪಾನಿ ನಡುವೆ ಇದೆ. ಕಡಲತೀರ ಅಂತ ನಿನಗೆ ಹೇಳಿದ್ದೆ, ಸರಿಯಾಗಿ ಹೇಳಬೇಕೆಂದರೆ ಇದು ಉಪ್ಪು ಹಿನ್ನೀರು. ಹೊರಗಡೆ ಈಸೋಲಾ ಗ್ರಾಂದೆ ಅನ್ನುವ ಉದ್ದನೆಯ ತಗ್ಗು ದ್ವೀಪ ಅಡ್ಡ ಮಲಗಿದೆ. ಮೆಡಿಟರೇನಿಯನ್ ಅಲೆ ಅದಕ್ಕೆ ಬಡಿದು ಅಲ್ಲೇ ಸಾಯುತ್ತದೆ. ದ್ವೀಪದಲ್ಲಿ ಗುಡ್ಡ ಇಲ್ಲ, ಹಾಗಾಗಿ ಗಾಳಿ ಮಾತ್ರ ಸಲೀಸಾಗಿ ದಾಟಿ ಬರುತ್ತದೆ. ಒಳಗೆ ಬಹಳ ಕಡೆ ನೀರು ಸೊಂಟದ ಮಟ್ಟ, ಕೆಲವು ಕಡೆ ಮೊಣಕಾಲು.

ದಡದುದ್ದಕ್ಕೂ ಉಪ್ಪಿನ ಆಗರಗಳು. ಮೊದಲ ದಿನ ಕಾರಿಂದ ಇಳಿದಾಗ ನಮ್ಮೂರ ಕಡೆಯ ಸಾಣಿಕಟ್ಟೆಗೆ ಬಂದೆನಾ ಅನ್ನಿಸಿತು. ಅದೇ ಚೌಕ ಚೌಕ ನೀರು, ಅದೇ ಕೆಸರಿನ ವಾಸನೆ. ಇಲ್ಲಿ ಉಪ್ಪಿನ ರಾಶಿಗೆ ಮನೆಯ ಹಾಗೆ ಕೆಂಪು ಹೆಂಚು ಹೊದಿಸುತ್ತಾರೆ. ಹಿಂದೆ ನೀರೆತ್ತಲು, ಉಪ್ಪು ಬೀಸಲು ಬಳಸುತ್ತಿದ್ದ ಹಳೆಯ ಗಾಳಿಗಿರಣಿಗಳೂ ಅಲ್ಲಲ್ಲಿ ನಿಂತಿವೆ. ಯೋಚಿಸಿದರೆ ಉಪ್ಪಿಗೆ ಏನು ಬೇಕೋ ನಮಗೂ ಅದೇ ಬೇಕು: ಬಿಸಿಲು, ತೆಳು ನೀರು, ಬಿಡದೆ ಬೀಸುವ ಗಾಳಿ.

ಬೆಳಿಗ್ಗೆ ಏಳಕ್ಕೇ ಎದ್ದು ಓಡಬೇಡ. ಆಗ ನೀರು ತಟ್ಟೆಯ ಹಾಗೆ ಸುಮ್ನೆ ಬಿದ್ದಿರುತ್ತದೆ. ನೆಲ ಕಾದ ಮೇಲೆ, ಊಟದ ಹೊತ್ತಿಗೆ, ಕಡಲಗಾಳಿ ಶುರು. ಈ ವಾರ ಹೆಚ್ಚಿನ ದಿನ 15 ನಾಟ್ ಆಸುಪಾಸು ಇತ್ತು, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ನನ್ನ 74 ಕೆಜಿಗೆ 12 ಚದರ ಮೀಟರಿನ ಕೈಟ್ ಹದವಾಗಿ ಎಳೆಯಿತು. ಒಂದು ದಿನ ಮಾತ್ರ ಆಫ್ರಿಕಾ ಕಡೆಯಿಂದ ಶಿರೋಕ್ಕೊ ಬಂತು. ಒಲೆಯ ಬಾಯಿಯಿಂದ ಬಂದಂಥ ಬಿಸಿ ಗಾಳಿ. ಕಾರಿನ ಮೇಲೆಲ್ಲ ಕೆಂಪು ಧೂಳು. ಒಂದು ಹೊಡೆತ ಜೋರು, ಮರುಕ್ಷಣ ಏನೂ ಇಲ್ಲ. ನಾನು ಕೈಟ್ ಬಿಚ್ಚಲೇ ಇಲ್ಲ.

ಈಗ ಅಸಲು ವಿಷಯ. ಮೂರನೇ ದಿನ ಎರಡು ಗಂಟೆಗೆ ಒಬ್ಬ ಕಲಿಸುವವನನ್ನು ಹಿಡಿದೆ. ನನ್ನ ಹೆಲ್ಮೆಟ್ಟಿಗೆ ರೇಡಿಯೋ ಸಿಕ್ಕಿಸಿ ಕಳಿಸಿದ. ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ಕಿವಿಯಲ್ಲಿ ಒಂದೇ ಮಾತು: "ಬಾರ್ ಬಿಡು."

ನೋಡು, ಹೆದರಿಕೆಯಾದಾಗ ನಾನು ಬಾರನ್ನು, ಕೈಟಿನ ಹಗ್ಗ ಕಟ್ಟಿದ ಆ ಹಿಡಿಕೋಲನ್ನು, ಎದೆಗೆ ಎಳೆದುಕೊಳ್ಳುತ್ತೇನೆ. ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ. ನೀನೂ ಅಷ್ಟೇ, ನಿನ್ನ ವಿಡಿಯೋ ನೋಡಿದ್ದೇನೆ. ಎಳೆದಷ್ಟೂ ಕೈಟ್ ಗಾಳಿಗೆ ಜಾಸ್ತಿ ಅಡ್ಡವಾಗಿ ನಿಲ್ಲುತ್ತದೆ, ಹಿಂದಕ್ಕೆ ಜಾರುತ್ತದೆ, ನಮ್ಮನ್ನೂ ಗಾಳಿಯ ಜೊತೆ ಕೆಳಕ್ಕೆ ಎಳೆಯುತ್ತದೆ. ಬಾರ್ ಸ್ವಲ್ಪ ಬಿಟ್ಟರೆ ಅದು ಮುಂದಕ್ಕೆ ಹಾರಿ ಗಾಳಿಯ ಅಂಚಿಗೆ, ಅಂದರೆ ತಾನು ಹಾರಬಲ್ಲ ಜಾಗದ ತುದಿಗೆ, ಹೋಗುತ್ತದೆ. ಮೇಲಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ, ಹೋಗಲು ಬೇಕಾದದ್ದು ಅದೇ. ನೆತ್ತಿಯನ್ನು ಹನ್ನೆರಡು ಅಂದುಕೊಂಡರೆ, ಎಡಕ್ಕೆ ಹೋಗುವಾಗ ಕೈಟ್ ಗಡಿಯಾರದ ಹತ್ತೂವರೆಯ ಜಾಗದಲ್ಲಿ. ಹಿಂದಿನ ಕಾಲಿನ ಹಿಮ್ಮಡಿ ಒತ್ತು. ಕೈಟ್ ಕಡೆ ನೋಡಬೇಡ, ಗಾಳಿ ಬರುವ ಕಡೆ ನೋಡು. ಕಣ್ಣು ತಿರುಗಿದರೆ ಭುಜ ತಿರುಗುತ್ತದೆ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಬೋರ್ಡ್.

ದೂರದ ಒಂದು ಗಾಳಿಗಿರಣಿಯನ್ನು ಗುರುತಿಟ್ಟುಕೊಂಡೆ. ಮೊದಲ ಸುತ್ತಿಗೆ ಅದು ಇನ್ನೂ ದೂರ ಹೋಯಿತು. ಎರಡನೆಯದರಲ್ಲಿ ಇದ್ದಲ್ಲೇ ಇತ್ತು. ನಡುವೆ ಎಷ್ಟು ಸಲ ಬಿದ್ದೆನೋ. ಬಿದ್ದಾಗ ಎದ್ದು ನಿಂತೆ, ನಾಲ್ಕು ಹೆಜ್ಜೆ ನಡೆದು ಬೋರ್ಡ್ ತೆಗೆದುಕೊಂಡೆ, ಮತ್ತೆ ಹೊರಟೆ. ಹಾಲೆಂಡಿನಲ್ಲಿ ಒಂದು ಸಲ ಬಿದ್ದರೆ ಮೂಗಿಗೆ ನೀರು, ಕಳೆದ ಬೋರ್ಡಿನ ಕಡೆ ಬಾಡಿ ಡ್ರ್ಯಾಗ್ (ಬೋರ್ಡಿಲ್ಲದೆ ಕೈಟ್ ಮೈಯನ್ನು ನೀರಲ್ಲಿ ಎಳೆದೊಯ್ಯುವುದು), ಮೇಲಿಂದ ಮುಂದಿನ ಅಲೆ. ಬೋರ್ಡ್ ಸಿಗುವಷ್ಟರಲ್ಲಿ ಕಲಿತದ್ದೇ ಮರೆತುಹೋಗುತ್ತಿತ್ತು. ಇಲ್ಲಿ ಬೀಳುವುದು ಅಗ್ಗ. ಆರನೆಯದೋ ಏಳನೆಯದೋ ಸುತ್ತಿನಲ್ಲಿ ಗಿರಣಿ ನನ್ನ ಪಕ್ಕಕ್ಕೆ ಬಂದಿತ್ತು. ತಿರುಗಿ ದಡಕ್ಕೆ ಬಂದಾಗ ನನ್ನ ಚಪ್ಪಲಿ ಬಿಟ್ಟ ಜಾಗಕ್ಕಿಂತ ಇಪ್ಪತ್ತು ಮೀಟರ್ ಮೇಲೆ ಇದ್ದೆ. ಚಪ್ಪಲಿ ಹುಡುಕಲು ಕೆಳಕ್ಕೆ ನಡೆಯಬೇಕಾಯಿತು! ಕಾಲ್ಬೆರಳಿನ ಮೇಲೆ ಭಾರ ಹಾಕಿ ತಿರುಗುವ ವಿದ್ಯೆ ಇನ್ನೂ ಬಂದಿಲ್ಲ, ಅದರ ಮಾತು ಬೇಡ.

ಹಾಗಂತ ತೆಳು ನೀರು ಮೆತ್ತಗಿರುತ್ತದೆ ಅಂದುಕೊಳ್ಳಬೇಡ. ನಾಲ್ಕನೇ ದಿನ ಜಂಬ ಬಂದು ದಡದ ಹತ್ತಿರವೇ ಜೋರಾಗಿ ಹೋದೆ. ಬೋರ್ಡಿನ ಅಡಿಯ ಫಿನ್, ಮೀನಿನ ರೆಕ್ಕೆಯಂಥದ್ದು, ನೆಲಕ್ಕೆ ತಾಗಿತು. ಬೋರ್ಡ್ ನಿಂತಿತು, ನಾನು ನಿಲ್ಲಲಿಲ್ಲ. ಮುಖ ಕೆಸರಲ್ಲಿ, ಮೊಣಕೈ ಚಿಪ್ಪಿನ ಮೇಲೆ. ಮೊಣಕಾಲುದ್ದ ನೀರಲ್ಲಿ ಹಾರುವುದಂತೂ ಬೇಡವೇ ಬೇಡ. ತಳದಲ್ಲಿ ಚೂಪು ಚಿಪ್ಪುಗಳಿವೆ, ನಿಯೋಪ್ರೀನ್ ಬೂಟು ಇಲ್ಲದೆ ಇಳಿಯಬೇಡ. ಕಡಲಹುಲ್ಲು ಕಂಡಲ್ಲಿ ತುಳಿಯಬೇಡ, 1984ರಿಂದ ಇದು ರಕ್ಷಿತ ಪ್ರದೇಶ. ಇನ್ನೊಂದು ತಲೆನೋವು ಜನಜಂಗುಳಿ. ಬಲಗೈ ಮುಂದಿಟ್ಟು ಬರುವವನಿಗೆ ದಾರಿ ಬಿಡಬೇಕು, ದಾಟುವಾಗ ಗಾಳಿಯ ಮೇಲ್ಬದಿಯವನು ಕೈಟ್ ಎತ್ತಬೇಕು, ಕೆಳಬದಿಯವನು ಇಳಿಸಬೇಕು. ಇದನ್ನು ಬಾಯಿಪಾಠ ಮಾಡಿಕೊಂಡು ಬಾ. ಇಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ.

ಗಾಳಿ ಇಲ್ಲದ ಬೆಳಿಗ್ಗೆ ದೋಣಿಯಲ್ಲಿ ಮೋಟ್ಸಿಯಾ ದ್ವೀಪಕ್ಕೆ ಹೋಗಿದ್ದೆ. ಫಿನೀಷಿಯನ್ನರು ಅನ್ನುವ ಪ್ರಾಚೀನ ಕಡಲ ವ್ಯಾಪಾರಿಗಳ ಊರು, ಕ್ರಿಸ್ತಪೂರ್ವ 397ರಲ್ಲಿ ಸಿರಾಕ್ಯೂಸಿನ ದೊರೆ ಹಾಳುಗೆಡವಿದ್ದು. 1979ರಲ್ಲಿ ಅಲ್ಲಿ ಸಿಕ್ಕ ಅಮೃತಶಿಲೆಯ ಯುವಕನ ವಿಗ್ರಹ ಅಲ್ಲಿನ ಮ್ಯೂಸಿಯಮ್ಮಿನದು. ಕಲ್ಲಿನ ಬಟ್ಟೆ ಮೈಗೆ ಒದ್ದೆಯಾಗಿ ಅಂಟಿದ ಹಾಗಿದೆ. ದ್ವೀಪದಿಂದ ದಡಕ್ಕೆ ಫಿನೀಷಿಯನ್ನರು ಕಟ್ಟಿದ ರಸ್ತೆ ಈಗ ನೀರಿನಡಿ ಇದೆ. ಅದರ ಮೇಲೆ ದ್ರಾಕ್ಷಿ ತುಂಬಿದ ಗಾಡಿಗಳು ಕಳೆದ ಶತಮಾನದವರೆಗೂ ಓಡಾಡುತ್ತಿದ್ದವಂತೆ.

ಊಟದ ಚಿಂತೆ ಬೇಡ. ಇಲ್ಲಿಯವರು ಮೀನುಸಾರಿನ ಜೊತೆ ಕುಸ್‌ಕುಸ್ ತಿನ್ನುತ್ತಾರೆ. ಸಾರು ತೆಗೆದಿಟ್ಟು ನೋಡಿದರೆ ಒಗ್ಗರಣೆ ಮರೆತ ಉಪ್ಪಿಟ್ಟು. ಬಾದಾಮಿ, ಟೊಮೆಟೊ, ಬೆಳ್ಳುಳ್ಳಿ ಅರೆದು ಕಲಸಿದ ಪಾಸ್ತಾ ನಿನಗೆ ಹಿಡಿಸುತ್ತದೆ.

ತ್ರಾಪಾನಿಯ ವಿಮಾನ ನಿಲ್ದಾಣ ಇಲ್ಲೇ ಬಿರ್ಜಿಯಲ್ಲಿದೆ. ಅಲ್ಲಿಗೆ ಟಿಕೆಟ್ ಸಿಗದಿದ್ದರೆ ಪಾಲೆರ್ಮೊಗೆ ಇಳಿ, ಕಾರು ತಂದು ಕರೆದುಕೊಂಡು ಬರುತ್ತೇನೆ. ಸೆಪ್ಟೆಂಬರ್ ಕೊನೆಯ ವಾರಕ್ಕೆ ನಾನು ಮತ್ತೆ ರಜೆ ಹಾಕಿದ್ದೇನೆ. ನಿನ್ನ 9 ಚದರ ಮೀಟರಿನ ಕೈಟ್ ತಾ, ನನ್ನ 12 ಇದೆ, ಗಾಳಿ ನೋಡಿ ಹಂಚಿಕೊಳ್ಳೋಣ. ಅಮ್ಮ ಕಳಿಸಿದ ಅಪ್ಪೆಮಿಡಿ ಡಬ್ಬ ಇನ್ನೂ ಖಾಲಿಯಾಗಿಲ್ಲದಿದ್ದರೆ ಅದನ್ನೂ ತಾ. ಬಟ್ಟೆಯ ನಡುವೆ ಮಾತ್ರ ಇಡಬೇಡ, ಹೋದ ಸಲ ಏನಾಯಿತು ಅಂತ ಗೊತ್ತಲ್ಲ.

ಇಂತಿ,
ನಿನ್ನ ಕುಮಟೆಯ ಬೆಂಚ್‌ಮೇಟ್