ಗಾಯದ ಕಾರಣ ಮೊದಲ ಚೀಟಿಯಲ್ಲೇ ಸರಿಯಾಗಿ ದಾಖಲಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೂ ಶಕ್ತಿನಗರದ 1,720 ಮೆಗಾವಾಟ್, ಯರಮರಸಿನ 1,600 ಮೆಗಾವಾಟ್ ಹಾಗೂ ಬಳ್ಳಾರಿ ಜಿಲ್ಲೆ ಕುಡತಿನಿಯ 1,700 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ನಡೆಯುವುದು ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ ಮುಂತಾದ ಗಣಿ ಪ್ರದೇಶಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿನಿಂದಲೇ. ಬೇಸಿಗೆ ಬಂತೆಂದರೆ ಎಷ್ಟು ರೇಕು (ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು) ಬಂದವು, ಎಷ್ಟು ದಿನಕ್ಕಾಗುವಷ್ಟು ದಾಸ್ತಾನು ಉಳಿದಿದೆ ಎಂಬ ಸುದ್ದಿಯನ್ನು ನಮ್ಮ ಭಾಗದ ಜನ ಪತ್ರಿಕೆಗಳಲ್ಲಿ ಕಾತರದಿಂದ ಓದುತ್ತಾರೆ. ಆ ಕಲ್ಲಿದ್ದಲನ್ನು ಅಗೆದು, ಪುಡಿ ಮಾಡಿ, ವ್ಯಾಗನ್ನಿಗೆ ತುಂಬಿದವರು ಎಷ್ಟು ಮಂದಿ ಕೈಕಾಲು ಕಳೆದುಕೊಂಡರು ಎಂಬ ವಿಷಯ ಮಾತ್ರ ನಮ್ಮವರೆಗೆ ತಲುಪುವುದೇ ಇಲ್ಲ.

ದೊಡ್ಡ ದುರಂತಗಳು ಸುದ್ದಿಯಾಗುತ್ತವೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತದ್ದು ಇಂದಿಗೂ ಹಿರಿಯರಿಗೆ ನೆನಪಿದೆ. 2016ರ ಡಿಸೆಂಬರಿನಲ್ಲಿ ಜಾರ್ಖಂಡಿನ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ರಾಶಿ ಕುಸಿದು 23 ಮಂದಿ ಸತ್ತಾಗಲೂ ದೇಶ ಗಮನಿಸಿತು. ಸಾವನ್ನು ಮುಚ್ಚಿಡುವುದು ಸುಲಭವಲ್ಲ. ಹೋದ ಬೆರಳನ್ನು, ಮುರಿದ ಪಾದದ ಮೂಳೆಯನ್ನು ಮುಚ್ಚಿಡುವುದು ಸುಲಭ. ಈ ಪತ್ರ ಬರೆಯುತ್ತಿರುವುದು ಆ ಎರಡನೆಯ ಸಂಗತಿಯ ಬಗ್ಗೆ.

ನಾನು ರಾಯಚೂರು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಹೊರರಾಜ್ಯದ ತೆರೆದ ಕಲ್ಲಿದ್ದಲು ಗಣಿಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ ನಮ್ಮ ಕಡೆಯ ಯುವಕನೊಬ್ಬ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ತಾಯಿಯೊಂದಿಗೆ ಬಂದಿದ್ದ. ಅಲ್ಲಿನ ಆಸ್ಪತ್ರೆಯಿಂದ ತಂದಿದ್ದ ಡಿಸ್ಚಾರ್ಜ್ ಚೀಟಿಯಲ್ಲಿ ದ್ವಿಚಕ್ರ ವಾಹನದಿಂದ ಬಿದ್ದು ಆದ ಗಾಯ ಎಂದು ಬರೆದಿತ್ತು. ಬ್ಯಾಂಡೇಜು ಬಿಚ್ಚಿದಾಗ ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇರಲಿಲ್ಲ. ಹೊಲಿಗೆಯ ಅಂಚಿನಲ್ಲಿ, ಅಂಗೈಯ ಗೀರುಗಳ ಒಳಗೆ ಕಪ್ಪು ಪುಡಿ ಕೂತಿತ್ತು. ರಸ್ತೆಯ ಮೇಲೆ ಬಿದ್ದವರ ಗಾಯದಲ್ಲಿ ಮಣ್ಣು, ಜಲ್ಲಿಯ ಚೂರು ಇರುತ್ತದೆ, ಇಂಥ ಪುಡಿ ಇರುವುದಿಲ್ಲ. ಕಲ್ಲಿದ್ದಲಿನ ಪುಡಿಯನ್ನು ಮೊದಲ ಕೆಲವು ಗಂಟೆಗಳಲ್ಲೇ ಸಲೈನಿನಿಂದ ತೊಳೆದು, ಮೆದು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಅದರ ಮೇಲೆ ಚರ್ಮ ಬೆಳೆದು, ಹಚ್ಚೆ ಹೊಯ್ದಂತೆ ನೀಲಿಗಪ್ಪು ಗೆರೆ ಜೀವನಪೂರ್ತಿ ಉಳಿಯುತ್ತದೆ. ಏನಾಯಿತಪ್ಪಾ ಎಂದು ಕೇಳಿದಾಗ ಅವನು ತಾಯಿಯ ಮುಖ ನೋಡಿ, “ಬೆಲ್ಟ್ ನಡದಿತ್ರಿ, ಕೆಳಗ ಬಿದ್ದದ್ದು ಸಲಿಕಿಲೆ ಎತ್ತಾಕ ಹೋಗಿದ್ದೆ. ಗಾಡಿ ಮ್ಯಾಲಿಂದ ಬಿದ್ದೆ ಅಂತ ಹೇಳು, ಇಲ್ಲಂದ್ರ ದವಾಖಾನಿ ಬಿಲ್ಲು ನೀನ ಕಟ್ಟಬೇಕು ಅಂದ್ರು” ಎಂದ.

ಚಲಿಸುವ ಕನ್ವೇಯರ್ ಬೆಲ್ಟಿನ ತುದಿಯ ಡ್ರಮ್ಮಿಗೆ ಜಾಲರಿಯ ಕವಚ ಇರಬೇಕು, ಅವಘಡವಾದರೆ ಯಾರು ಬೇಕಾದರೂ ಎಳೆದು ನಿಲ್ಲಿಸಲು ಉದ್ದಕ್ಕೂ ಹಗ್ಗದ ಸ್ವಿಚ್ಚು ಇರಬೇಕು, ಬೆಲ್ಟ್ ನಿಲ್ಲಿಸಿಯೇ ಸ್ವಚ್ಛ ಮಾಡಬೇಕು. ಬೆಲ್ಟ್ ನಿಂತರೆ ಸಾಗಣೆ ನಿಲ್ಲುತ್ತದೆಂದು ಓಡುತ್ತಿರುವಾಗಲೇ ಸಲಿಕೆ ಹಿಡಿದು ಬಗ್ಗಿಸುತ್ತಾರೆ. ನೆಲದಾಳದ ಗಣಿಗಳಲ್ಲಿ ಚಾವಣಿ ಮತ್ತು ಪಕ್ಕದ ಗೋಡೆ ಕುಸಿಯುವುದು ಹಳೆಯ ಅಪಾಯ. ಈಗ ದೇಶದ ಕಲ್ಲಿದ್ದಲಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ತೆರೆದ ಗಣಿಗಳಿಂದ ಬರುವುದರಿಂದ, ಹಿಂದಕ್ಕೆ ಬರುವ ಡಂಪರ್, ಟಿಪ್ಪರ್, ಓಡುವ ಬೆಲ್ಟ್ ಇವೇ ಹೆಚ್ಚು ಮಂದಿಯ ಮೈಮೇಲೆ ಬರುತ್ತಿವೆ. 2024-25ರಲ್ಲಿ ದೇಶದ ಉತ್ಪಾದನೆ ನೂರು ಕೋಟಿ ಟನ್ ದಾಟಿತೆಂದು ಸಂಭ್ರಮಿಸಿದೆವು. ಅದೇ ವರ್ಷದ ಗಾಯಗಳ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕೇಳುವ ಹಕ್ಕು ನಮಗಿದೆ ಎಂದು ನಾನು ನಂಬಿದ್ದೇನೆ.

ಕಾನೂನು ಇಲ್ಲವೆಂದಲ್ಲ. 1952ರ ಗಣಿ ಕಾಯ್ದೆಯ ಪ್ರಕಾರ ಯಾವುದೇ ಮೂಳೆ ಮುರಿದರೂ, ದೇಹದ ಯಾವುದೇ ಭಾಗ ಶಾಶ್ವತವಾಗಿ ಹೋದರೂ, ಕಣ್ಣು ಅಥವಾ ಕಿವಿಗೆ ಶಾಶ್ವತ ಹಾನಿಯಾದರೂ ಅದು ಗಂಭೀರ ಗಾಯ ಎನಿಸುತ್ತಿತ್ತು. 72 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಂತೆ ಮಾಡುವ ಗಾಯವೂ ವರದಿಗೆ ಅರ್ಹವಾಗಿತ್ತು. ಗಂಭೀರ ಗಾಯವಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ತಿಳಿಸುವುದರ ಜೊತೆಗೆ, ಆ ನೋಟಿಸಿನ ಒಂದು ಪ್ರತಿಯನ್ನು ಕಾರ್ಮಿಕ ಸಂಘದವರು ನೋಡುವ ಜಾಗದ ಫಲಕದಲ್ಲಿ ಕನಿಷ್ಠ 14 ದಿನ ಹಾಕಿರಬೇಕೆಂದು ಆ ಕಾಯ್ದೆಯ 23ನೇ ಕಲಂ ಹೇಳಿತ್ತು. 2025ರ ನವೆಂಬರ್ 21ರಿಂದ ಈ ಕಾಯ್ದೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿದೆ. ಹೆಸರು ಬದಲಾದರೂ ಅಪಘಾತವನ್ನು ತಿಳಿಸುವ ಹೊಣೆ ಹೋಗಿಲ್ಲ. ಗಾಯಗೊಂಡವನೇ ಬೈಕಿನಿಂದ ಬಿದ್ದೆ ಎಂದ ಮೇಲೆ ಮಾತ್ರ ಯಾವ ಫಲಕದ ಮೇಲೆ ಏನು ಹಾಕುತ್ತಾರೆ?

ಆ ಒಂದು ಸಾಲು ಆ ಯುವಕನ ಕೈಯಿಂದ ಎಷ್ಟು ಹಣ ಕಿತ್ತುಕೊಂಡಿತು ಎಂಬುದನ್ನು ಓದುಗರು ಗಮನಿಸಬೇಕು. ನೌಕರರ ಪರಿಹಾರದ ಪಟ್ಟಿಯಲ್ಲಿ ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 20ರಷ್ಟು ನಷ್ಟವೆಂದು ನಿಗದಿಯಾಗಿದೆ. 2020ರ ಜನವರಿಯಲ್ಲಿ ಕೇಂದ್ರ ನಿಗದಿಪಡಿಸಿದ ಮಿತಿಯಂತೆ ತಿಂಗಳ ವೇತನವನ್ನು ₹15,000 ಎಂದು ಹಿಡಿದು, ಅದರ ಶೇ 60ನ್ನು 30 ವರ್ಷ ವಯಸ್ಸಿನವರ ಗುಣಕವಾದ 207.98ರಿಂದ ಗುಣಿಸಿ, ಆ ಮೊತ್ತದ ಶೇ 20 ತೆಗೆದರೆ ₹3,74,364 ಆಗುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ. ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ವಿಧಿಸಬಹುದು. ಆ ಯುವಕನಿಗೆ ಸಿಕ್ಕದ್ದು ಆಸ್ಪತ್ರೆಯ ಬಿಲ್ಲು ಮತ್ತು ಒಂದು ತಿಂಗಳ ಪಗಾರ. ನಮ್ಮ ವೈದ್ಯರು ಅವನು ಹೇಳಿದ್ದನ್ನು ಹೇಳಿದಂತೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಆದರೆ ಅದಕ್ಕೆ ಹಿಂದಿನ ಕಾಗದಗಳೆಲ್ಲ ಬೇರೆಯೇ ಹೇಳುತ್ತಿದ್ದುದರಿಂದ ಮನೆಯವರು ಕೋರ್ಟಿಗೆ ಅಲೆಯುವ ಧೈರ್ಯ ಮಾಡಲಿಲ್ಲ.

ಅವರಿಗೆ ಆಗ ಯಾರೂ ತಿಳಿಸದ ಎರಡು ಸಂಗತಿಗಳನ್ನು ಇಲ್ಲಿ ಬರೆಯಬೇಕು, ಏಕೆಂದರೆ ಇವು ನಮ್ಮ ಭಾಗದಿಂದ ದುಡಿಯಲು ಹೋದ ಯಾರಿಗಾದರೂ ನಾಳೆ ಬೇಕಾಗಬಹುದು. 1923ರ ನೌಕರರ ಪರಿಹಾರ ಕಾಯ್ದೆಯ ಕಾಲದಿಂದಲೂ, ಕೆಲಸ ಗುತ್ತಿಗೆದಾರನದ್ದಾದರೂ ಗಣಿಯ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಮಾಲೀಕನ ಕೆಲಸ. ಇನ್ನೊಂದು, ಅಪಘಾತ ಬೇರೆ ರಾಜ್ಯದಲ್ಲಿ ಆಗಿದ್ದರೂ ಕಾರ್ಮಿಕ ತಾನು ವಾಸಿಸುವ ಊರಿನ ವ್ಯಾಪ್ತಿಯ ಪರಿಹಾರ ನಿರ್ಧರಿಸುವ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು, ಎರಡು ವರ್ಷದೊಳಗೆ. ರಾಯಚೂರಿನಲ್ಲಿ ಕುಳಿತು ಹಾಕಬಹುದಾದ ಅರ್ಜಿಗಾಗಿ ಊರು ಬಿಟ್ಟು ಅಲೆಯಬೇಕೆಂಬ ಭಯದಿಂದ ಎಷ್ಟೋ ಮನೆಗಳು ಸುಮ್ಮನಾಗಿವೆ. ಹಟ್ಟಿಯ ಚಿನ್ನದ ಗಣಿಗೂ ಸಂಡೂರಿನ ಅದಿರು ಗಣಿಗಳಿಗೂ ಅನ್ವಯಿಸುವುದು ಇದೇ ಕಾನೂನು.

ಗುತ್ತಿಗೆದಾರನಿಗೆ ಮುಂದಿನ ಟೆಂಡರಿನ ಚಿಂತೆ, ಮೇಲ್ವಿಚಾರಕನಿಗೆ ತನಿಖೆಯ ಭಯ, ಕಾರ್ಮಿಕನಿಗೆ ನಾಳಿನ ಕೂಲಿಯ ಭಯ. ಮೂವರೂ ಸುಳ್ಳಿಗೆ ಒಪ್ಪುವ ಜಾಗದಲ್ಲಿ ಸತ್ಯ ಬರೆಯಬಲ್ಲವರು ಆಸ್ಪತ್ರೆಯವರು ಮಾತ್ರ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ನಮ್ಮ ಭಾಗದ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೂ ಒಂದು ಸೂಚನೆ ಹೊರಡಿಸಬೇಕು. ಗಾಯಾಳುವನ್ನು ಕರೆತಂದ ಮೇಲ್ವಿಚಾರಕನನ್ನು ಹೊರಗೆ ಕೂರಿಸಿ, ಕಾರ್ಮಿಕನನ್ನು ಒಬ್ಬನೇ ಕೇಳಿ, ಯಾವ ಕೆಲಸದಲ್ಲಿ, ಯಾವ ಯಂತ್ರದಿಂದ ಗಾಯವಾಯಿತು ಎಂದು ಅವನ ಮಾತಿನಲ್ಲೇ ದಾಖಲಿಸಬೇಕು. ಬೇರೆ ಊರಿನಿಂದ ಬಂದವರ ಹಳೆಯ ಚೀಟಿಯಲ್ಲಿದ್ದ ಕಾರಣವನ್ನು ಹಾಗೆಯೇ ನಕಲು ಮಾಡುವ ರೂಢಿ ನಿಲ್ಲಬೇಕು.

ರಾಜ್ಯದ ವಿದ್ಯುತ್ ನಿಗಮಕ್ಕೂ ಒಂದು ಮನವಿ. ಬೂದಿಯ ಪ್ರಮಾಣ, ಶಾಖಮೌಲ್ಯ, ತೂಕ ಎಲ್ಲವನ್ನೂ ನೋಡಿ ಕಲ್ಲಿದ್ದಲು ಕೊಳ್ಳುವ ನಿಗಮವು, ತನಗೆ ಪೂರೈಸುವ ಪ್ರತಿ ಗಣಿಯಿಂದ ವರ್ಷದ ಗಂಭೀರ ಗಾಯಗಳ ವಿವರವನ್ನು, ಗುತ್ತಿಗೆ ಕಾರ್ಮಿಕರದ್ದನ್ನು ಪ್ರತ್ಯೇಕವಾಗಿ ತೋರಿಸಿ ಕೊಡಬೇಕೆಂದು ಕೇಳಲಿ, ಮತ್ತು ಅದನ್ನು ರೇಕುಗಳ ಲೆಕ್ಕದ ಜೊತೆಗೇ ಪ್ರಕಟಿಸಲಿ.

– ನಿವೃತ್ತ ಆಸ್ಪತ್ರೆ ಸಿಬ್ಬಂದಿ, ರಾಯಚೂರು ಜಿಲ್ಲೆ